ಲಾನ್‌ಗೆ ಬಿಟ್ಟ ನೀರು ಪಾಯಕ್ಕೆ ಇಳಿಯದಿರಲಿ

ಹುಬ್ಬಳ್ಳಿಯ ನಮ್ಮ ಮನೆಯ ಹಾಲ್‌ನಲ್ಲಿ ನೆಲದಿಂದ ಒಂದು ಗೇಣು ಎತ್ತರಕ್ಕೆ ಪೇಂಟ್ ಗುಳ್ಳೆ ಎದ್ದಿತ್ತು. ಬೆರಳಿಂದ ಒತ್ತಿದೆ. ಬಿಳಿ ಉಪ್ಪಿನ ಪುಡಿ ಉದುರಿತು. ಬಾತ್‌ರೂಮ್ ಪೈಪ್ ಸೋರುತ್ತಿರಬೇಕು ಅಂತ ಸುಮ್ನೆ ಟೈಲ್ಸ್ ಕೀಳಿಸಿದೆವು. ನೀರು ಬರುತ್ತಿದ್ದದ್ದು ಗೋಡೆಯ ಆಚೆಗಿನ ಲಾನ್‌ನಿಂದ. ದಿನಾ ಸಂಜೆ ಅರ್ಧ ಗಂಟೆ ಸ್ಪ್ರಿಂಕ್ಲರ್ ಗೋಡೆಯ ಬುಡವನ್ನೇ ನೆನೆಸುತ್ತಿತ್ತು.

ನಮ್ಮದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮನೆಯ ಒಂದು ಬದಿ ದಿನಾ ಹಸಿ, ಇನ್ನೊಂದು ಬದಿ ಒಣ ಆದರೆ ಪಾಯ ಒಂದು ಕಡೆ ಏಳುತ್ತದೆ, ಒಂದು ಕಡೆ ಕೂರುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುವುದು ಹೀಗೆಯೇ. ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ. ಆದರೆ ತೇವ ಗೋಡೆ ಹತ್ತುವುದು, ಗೆದ್ದಲು ಬರುವುದು ಅಲ್ಲೂ ತಪ್ಪಿದ್ದಲ್ಲ.

ಮೊದಲು ಗೋಡೆಯಿಂದ 1 ಅಡಿ ದೂರದಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿ. ಗೋಡೆ ಕಡೆಗೆ ಹರಿಯಿತಾ, ಅಲ್ಲೇ ನಿಂತಿತಾ? ಹಾಗಿದ್ದರೆ ಇಳಿಜಾರು ಸರಿ ಇಲ್ಲ. ಮೇಸ್ತ್ರಿಗಳು ವಾಟ ಅನ್ನುತ್ತಾರಲ್ಲ, ಅದೇ. ಗೋಡೆಯಿಂದ 3 ಅಡಿ ಹೋಗುವಷ್ಟರಲ್ಲಿ ನೆಲ 2 ಇಂಚಾದರೂ ಇಳಿದಿರಬೇಕು. ಲಾನ್ ಹಾಕುವಾಗ ಚೆಂದ ಕಾಣಲಿ ಅಂತ ಮಣ್ಣು ಏರಿಸಿಬಿಡುತ್ತಾರೆ, ಬಿಡಬೇಡಿ. ಪ್ಲಿಂತ್, ಅಂದರೆ ಪಾಯದ ಮೇಲೆ ಮನೆಯ ನೆಲದ ಮಟ್ಟದವರೆಗಿನ ಕಟ್ಟೆ, 6 ಇಂಚಾದರೂ ಮಣ್ಣಿನ ಮೇಲೆ ಕಾಣಬೇಕು. ತೇವ ತಡೆಯುವ ಡಿಪಿಸಿ ಪದರಕ್ಕಿಂತ ಮೇಲೆ ಮಣ್ಣು ಬಂದರೆ ಆ ಪದರ ಇದ್ದೂ ಇಲ್ಲದಂತೆ.

ಆಮೇಲೆ ಗೋಡೆ ಪಕ್ಕದ 3 ಅಡಿ ಹುಲ್ಲು ತೆಗೆಸಿ. ಅಲ್ಲಿ ಹೊರಕ್ಕೆ ವಾಟ ಕೊಟ್ಟು ಕಾಂಕ್ರೀಟ್ ಪಟ್ಟಿ ಹಾಕಿಸಿ, ಗೋಡೆ ಸೇರುವ ಸಂದಿಗೆ ಸೀಲಂಟ್ ತುಂಬಿಸಿ. ಖರ್ಚು ಅನ್ನಿಸಿದರೂ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ.

ಸ್ಪ್ರಿಂಕ್ಲರ್ ಹಾಕಿ ಐದು ನಿಮಿಷ ಅಲ್ಲೇ ನಿಂತು ನೋಡಿ, ಗಾಳಿ ಇರುವಾಗಲೂ. ಗೋಡೆಗೆ ಹನಿ ಬೀಳುತ್ತಿದ್ದರೆ ಅರ್ಧ ಸುತ್ತು ಮಾತ್ರ ತಿರುಗುವ ಹೆಡ್ ಹಾಕಿಸಿ. ಆ ಬದಿಯ ಹೂಗಿಡಗಳಿಗೆ ಡ್ರಿಪ್ ಸಾಕು. ಗಂಟೆಗೆ 4 ಲೀಟರ್ ಬಿಡುವ ಡ್ರಿಪ್ಪರ್ ಸಿಗುತ್ತದೆ. ನೀರು ಬಿಡುವ ಮುಂಚೆ ಮಣ್ಣಿಗೆ ಬೆರಳನ್ನು ಎರಡು ಗಣ್ಣು ಇಳಿಸಿ. ತಂಪು ತಗುಲಿದರೆ ಅವತ್ತು ನೀರು ಬೇಡ. ಬಿಡುವುದಾದರೆ ಬೆಳಗ್ಗೆಯೇ ಬಿಡಿ.

ಮಣ್ಣಿನೊಳಗಿನ ಪೈಪ್ ಒಡೆದಿದ್ದರೆ ಗೊತ್ತೇ ಆಗಲ್ಲ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೆರೆ ದಾಟಿ ಬೆಳೆದರೆ ತಡಮಾಡದೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಹಸಿ ಗೋಡೆಗೆ ಮಾತ್ರ ಪುಟ್ಟಿ, ಪೇಂಟ್ ಹಚ್ಚಿಸಬೇಡಿ, ಮತ್ತೆ ಉದುರುತ್ತದೆ. ನಮ್ಮ ಗೋಡೆ ಒಣಗಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು.