ರ‍್ಯಾಮ್ ರೇಟು, ಅಡಿಕೆ ರೇಟು, ನನ್ನ ಷೇರು

ಶಿರಸಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಊರ ಕಡೆ ಎರಡು ಎಕರೆ ಅಡಿಕೆ ತೋಟ. ಎರಡರ ಲೆಕ್ಕವೂ ಒಂದೇ ಅಂತ ಗೊತ್ತಾಗಲು ದುಡ್ಡು ಕಳೆದುಕೊಳ್ಳಬೇಕಾಯಿತು.

2018ರಲ್ಲಿ 8 ಜಿಬಿ ರ‍್ಯಾಮ್ (ಕಂಪ್ಯೂಟರಿನ ಮೆಮೊರಿ) ಒಂದಕ್ಕೆ 6,500 ರೂಪಾಯಿ ಹೇಳುತ್ತಿದ್ದೆ. ಗಿರಾಕಿಗಳು ಹೌಹಾರುತ್ತಿದ್ದರು. ಹಾಗಾದರೆ ಮಾಡುವವರಿಗೆ ಎಷ್ಟು ಲಾಭ ಇರಬೇಡ ಅಂದುಕೊಂಡೆ. ಇತ್ತು ಕೂಡ. ಮೆಮೊರಿ ಮಾಡುವ ಅಮೆರಿಕದ ಮೈಕ್ರಾನ್‌ಗೆ ಆ ಹಣಕಾಸು ವರ್ಷ ಸುಮಾರು 1,400 ಕೋಟಿ ಡಾಲರ್ ಲಾಭ. ಒಂದು ಷೇರಿನ ಬೆಲೆ ಅದರ ಪಾಲಿಗೆ ಬರುವ ವರ್ಷದ ಲಾಭದ ಐದಾರು ಪಟ್ಟು ಮಾತ್ರ. ಇಷ್ಟು ಅಗ್ಗ ಬೇರೆಲ್ಲಿ ಸಿಗುತ್ತದೆ ಅಂತ ಬ್ಯಾಂಕಿನಲ್ಲಿ ಫಾರ್ಮ್ ತುಂಬಿ, ಡಾಲರ್ ಕಳಿಸಿ, ಷೇರಿಗೆ 60 ಡಾಲರಿನ ಹತ್ತಿರ ಕೊಂಡೆ. ಡಿಸೆಂಬರಿಗೆ ಅದು 30ರ ಆಸುಪಾಸು. ಹೆದರಿ ಮಾರಿದೆ. ತಪ್ಪು ನನ್ನದೇ.

ಆ ಸಂಕ್ರಾಂತಿಗೆ ಮಾವನ ಮನೆಯ ಜಗಲಿಯಲ್ಲಿ ಇದನ್ನೇ ಹೇಳಿಕೊಂಡೆ. ಮಾವ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸುತ್ತಿದ್ದವರು ತಲೆ ಎತ್ತಲೂ ಇಲ್ಲ. "ಮಾಣಿ, ರೇಟು ಬಂದಾಗ ಎಲ್ಲ ಸಸಿ ನೆಡ್ತ. ಫಸಲು ಬಪ್ಪಷ್ಟೊತ್ತಿಗೆ ರೇಟು ಇರ್ತಿಲ್ಲೆ" ಅಂದರು.

ಮೆಮೊರಿ ಚಿಪ್ಪಿನ ಕಾರ್ಖಾನೆಯೂ ಹೊಸ ತೋಟದ ಹಾಗೆಯೇ. ಕಟ್ಟಿ, ಮಾಲು ಹೊರಬರಲು ಎರಡು ಮೂರು ವರ್ಷ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಯಾರ ಮೆಮೊರಿ ಹಾಕಿದರೂ ಗಿರಾಕಿಯ ಲ್ಯಾಪ್‌ಟಾಪ್ ಓಡುತ್ತದೆ. ಹಾಗಾಗಿ ಮಾಲು ಜಾಸ್ತಿಯಾದರೆ ಉಳಿಯುವುದು ರೇಟಿನ ಜಗಳ ಮಾತ್ರ. ಜಪಾನಿನ ಎಲ್ಪಿಡಾ ಈ ಜಗಳದಲ್ಲೇ 2012ರಲ್ಲಿ ದಿವಾಳಿಯಾಗಿ ಮರುವರ್ಷ ಮೈಕ್ರಾನ್ ಪಾಲಾಯಿತು. ಅಡಿಕೆಗಾದರೂ ಒಂದು ಅನುಕೂಲ ಇದೆ. ಒಣಗಿಸಿ ಚೀಲ ಕಟ್ಟಿಟ್ಟರೆ ಮುಂದಿನ ವರ್ಷದ ಟೆಂಡರಿಗೂ ನಡೆಯುತ್ತದೆ. ಚಿಪ್ಪನ್ನು ಸುಮ್ನೆ ಇಟ್ಟುಕೊಂಡರೆ ಹೊಸ ತಲೆಮಾರು ಬಂದು ಹಳತಾಗುತ್ತದೆ.

(ಪ್ರೊಸೆಸರ್ ಕಥೆ ಸ್ವಲ್ಪ ಬೇರೆ, ಅಲ್ಲಿ ಹೆಸರಿಗೂ ಬೆಲೆ ಇದೆ. ಆದರೂ ಎಎಂಡಿ ಬೆನ್ನು ಹತ್ತಿದ ಮೇಲೆ ಇಂಟೆಲ್ 2019ರಲ್ಲಿ ತನ್ನ ಹೊಸ 18 ಕೋರಿನ ಚಿಪ್ಪಿಗೆ ಹಿಂದಿನದರ ಸುಮಾರು ಅರ್ಧ ಬೆಲೆ, 979 ಡಾಲರ್, ಇಟ್ಟಿತು.)

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ತಿಂಗಳ ಮೊದಲ ವಾರ, ಹುಬ್ಬಳ್ಳಿಯ ಡೀಲರ್ ಕೊಡುವ ರ‍್ಯಾಮ್ ರೇಟನ್ನು ಖರೀದಿ ಪುಸ್ತಕದ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆಯುವುದು. ಪಕ್ಕದಲ್ಲಿ ಮೂರು ತಿಂಗಳಿಗೊಮ್ಮೆ ಎರಡೇ ಅಂಕಿ: ಮೈಕ್ರಾನ್ ಕಂಪನಿಯ ಗೋದಾಮಿನಲ್ಲಿ ಎಷ್ಟು ದಿನದ ಮಾಲಿದೆ, ಹೊಸ ಯಂತ್ರಗಳಿಗೆ ಎಷ್ಟು ಸುರಿಯುತ್ತಿದೆ. ಲಾಭದ ಅಂಕಿ ಬರೆಯುವುದಿಲ್ಲ. ಲಾಭ ತುದಿಗೆ ಏರಿದಾಗಲೇ ಷೇರು ಅತಿ ಅಗ್ಗ ಅನ್ನಿಸುವುದು. ನಾನು ಬಿದ್ದದ್ದೇ ಅಲ್ಲಿ.

2022ರ ಕೊನೆಗೆ ಪುಸ್ತಕದಲ್ಲಿ ರೇಟು ಜಾರುತ್ತಲೇ ಇತ್ತು, 2023ರಲ್ಲಿ ಅದೇ 8 ಜಿಬಿ 1,600ಕ್ಕೆ ಬಂತು. ಮೈಕ್ರಾನ್ ಖರ್ಚು ಕಡಿದು ಜನರನ್ನು ಮನೆಗೆ ಕಳಿಸಿತು. ಸ್ಯಾಮ್‌ಸಂಗ್ ಮಾತ್ರ ಬಗ್ಗಲಿಲ್ಲ. ಕೊನೆಗೆ 2023ರ ಏಪ್ರಿಲ್‌ನಲ್ಲಿ ಅದೂ ಉತ್ಪಾದನೆ ತಗ್ಗಿಸುತ್ತೇವೆ ಅಂದಿತು. ದೊಡ್ಡ ತೋಟದವನೇ ಕೈಚೆಲ್ಲಿದ ಮೇಲೆ ಇನ್ನೆಷ್ಟು ಇಳಿದೀತು? ಆ ವರ್ಷ ಮೈಕ್ರಾನ್‌ಗೆ 580 ಕೋಟಿ ಡಾಲರ್ ನಷ್ಟ. ನಾನು ಅದರ ಷೇರನ್ನು ನಾಲ್ಕು ಕಂತಿನಲ್ಲಿ ಕೊಂಡೆ. ಮಗಳ ಫೀಸಿನ ದುಡ್ಡು ಮುಟ್ಟಲಿಲ್ಲ.

2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ರೇಟು ಮತ್ತೆ ಹಾರಿತು. "ಈ ರೇಟು ಇವತ್ತು ಸಂಜೆ ತನಕ ಮಾತ್ರ" ಅಂತ ಡೀಲರ್ ಮೆಸೇಜು ಕಳಿಸತೊಡಗಿದ. ಅವತ್ತೇ ಅರ್ಧ ಷೇರು ಮಾರಿದೆ. ಬೇಗ ಆಯ್ತೇನೋ, ಇರಲಿ.

ಮೊನ್ನೆ ಯಲ್ಲಾಪುರದ ಹುಡುಗನೊಬ್ಬ ರ‍್ಯಾಮ್ ರೇಟು ಕೇಳಿ, ಬೇಡ ಅಂದು, ಅದೇ ಉಸಿರಿನಲ್ಲಿ "ಅಣ್ಣಾ, ಇದರ ಷೇರು ಈಗ ತಗೊಳ್ಳಬಹುದಾ?" ಅಂದ. ಪುಸ್ತಕ ತಿರುಗಿಸಿ 2018ರ ಖರೀದಿ ಪುಟ ತೋರಿಸಿದೆ.