ಮೇಣದ ತುಂಡು, ಹದಿನಾಲ್ಕನೇ ಪ್ರಮೇಯ: ಡೆಕಾರ್ಟ್‌ನಿಂದ ಕಾಂಟ್‌ವರೆಗೆ ನಾನು ಓದಿದ ಬಗೆ

ಆಧುನಿಕ ಪಾಶ್ಚಾತ್ಯ ತತ್ತ್ವಶಾಸ್ತ್ರದ ಪೇಪರ್ ಎಂದರೆ ಒಂದು ಸೆಮಿಸ್ಟರಿನಲ್ಲಿ ಏಳು ಜನ: ಡೆಕಾರ್ಟ್, ಸ್ಪಿನೋಜಾ, ಲೈಬ್ನಿಜ್, ಲಾಕ್, ಬರ್ಕ್ಲಿ, ಹ್ಯೂಮ್, ಕಾಂಟ್. ಗೈಡು ಹಿಡಿದರೆ ನಾಲ್ಕು ದಿನದ ಕೆಲಸ. ಒಬ್ಬೊಬ್ಬರಿಗೆ ಎರಡು ಪುಟ, ಕೊನೆಗೆ ಟೀಕೆ ಅಂತ ಮೂರು ಅಂಶ. ಆ ದಾರಿ ಬೇಡ ಅನ್ನುವವರಿಗೆ ಇದು.

ನಾನು ಶುರು ಮಾಡಿದ್ದು ಡೆಕಾರ್ಟ್‌ನ ‘ಮೆಡಿಟೇಶನ್ಸ್’ನಿಂದ (1641). ಇರುವುದು ಆರೇ ಅಧ್ಯಾಯ, ಆದರೂ ಮೂರು ವಾರ ಬೇಕು. ಓದುವ ಕ್ರಮವನ್ನು ಅವನೇ ತನ್ನ ‘ಪ್ರಿನ್ಸಿಪಲ್ಸ್’ನ 1647ರ ಫ್ರೆಂಚ್ ಅನುವಾದದ ಮುನ್ನುಡಿಯಲ್ಲಿ ಹೇಳಿಟ್ಟಿದ್ದಾನೆ: ಮೊದಲು ಕಾದಂಬರಿಯಂತೆ ಓದಿಬಿಡಿ, ಎರಡನೇ ಸಲ ತೊಡಕಾದಲ್ಲಿ ಗುರುತು ಹಾಕಿ ಮುಂದೆ ಹೋಗಿ, ಮೂರನೇ ಸಲಕ್ಕೆ ಬಹಳಷ್ಟು ತೊಡಕು ಬಗೆಹರಿದಿರುತ್ತದೆ. ನಾನು ಇದಕ್ಕೆ ಸೇರಿಸಿಕೊಂಡದ್ದು ಒಂದೇ. ಎರಡನೇ ಓದಿನಲ್ಲಿ ಪ್ಯಾರಾಗಳಿಗೆ ನಂಬರು ಹಾಕಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಒಂದು ಸಾಲು ಬರೆಯುವುದು. ‘ಏನು ಹೇಳಿದ’ ಅಂತಲ್ಲ, ‘ಇಲ್ಲಿ ಏನು ಮಾಡುತ್ತಿದ್ದಾನೆ’ ಅಂತ: ಶಂಕೆ ಎತ್ತಿದ, ತಾನೇ ಅಡ್ಡಿ ಹಾಕಿದ, ಅಡ್ಡಿ ತೆಗೆದ.

ಇದರ ಉಪಯೋಗ ಗೊತ್ತಾಗುವುದು ಎರಡನೇ ಅಧ್ಯಾಯದ ಮೇಣದ ತುಂಡಿನ ಹತ್ತಿರ. ಜೇನುಗೂಡಿನಿಂದ ಆಗತಾನೆ ತೆಗೆದ ಮೇಣ: ಜೇನಿನ ರುಚಿ ಇನ್ನೂ ಹೋಗಿಲ್ಲ, ಹೂವಿನ ವಾಸನೆ ಇದೆ, ಗಟ್ಟಿಯಾಗಿದೆ, ಬೆರಳಿನಿಂದ ಕುಟ್ಟಿದರೆ ಸದ್ದು ಬರುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ಎಲ್ಲವೂ ಹೋಯಿತು, ಆದರೂ ಅದೇ ಮೇಣ. ‘ಇಂದ್ರಿಯ ಮೋಸ ಮಾಡುತ್ತದೆ, ಬುದ್ಧಿಯೇ ದಿಟ’ ಎಂದು ಬರೆದು ಗೈಡು ಇಲ್ಲಿಗೆ ನಿಲ್ಲಿಸುತ್ತದೆ. ಡೆಕಾರ್ಟ್ ನಿಲ್ಲಿಸುವುದಿಲ್ಲ. ಮೇಣ ಇಲ್ಲದೆಯೂ ಇರಬಹುದು, ಆದರೆ ಮೇಣವನ್ನು ಕಂಡಂತೆ ಅನಿಸುತ್ತಿರುವ ನಾನು ಇಲ್ಲದಿರಲಾರೆ; ಹಾಗಾಗಿ ಮೇಣದ ಬಗ್ಗೆ ತಿಳಿದದ್ದೆಲ್ಲ ಮನಸ್ಸನ್ನೇ ಇನ್ನಷ್ಟು ತಿಳಿಸುತ್ತದೆ ಎನ್ನುತ್ತಾನೆ. ಮನಸ್ಸು ದೇಹಕ್ಕಿಂತ ಚೆನ್ನಾಗಿ ತಿಳಿಯುತ್ತದೆ ಅಂತ ಅಧ್ಯಾಯದ ತಲೆಬರಹದಲ್ಲೇ ಇದೆ. ತಲೆಬರಹವನ್ನೇ ಯಾರೂ ಓದುವುದಿಲ್ಲ! ಅಂದಹಾಗೆ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ಪ್ರಸಿದ್ಧ ವಾಕ್ಯ ಆ ರೂಪದಲ್ಲಿ ಈ ಪುಸ್ತಕದಲ್ಲಿಲ್ಲ. ಅದು 1637ರ ಮತ್ತು 1644ರ ಗ್ರಂಥಗಳಲ್ಲಿದೆ.

ಟೀಕೆಗೂ ಗೈಡು ಬೇಡ. ‘ಮೆಡಿಟೇಶನ್ಸ್’ ಅಚ್ಚಾದದ್ದೇ ಆ ಕಾಲದ ಚಿಂತಕರ ಆಕ್ಷೇಪಗಳ ಜೊತೆಗೆ: ಮೂರನೆಯದು ಹಾಬ್ಸ್‌ನದು, ನಾಲ್ಕನೆಯದು ಆರ್ನೋನದು, ಐದನೆಯದು ಗಾಸೆಂಡಿಯದು. ಆರನೇ ಅಧ್ಯಾಯ ಮುಗಿದ ಕೂಡಲೇ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಡೆಕಾರ್ಟ್‌ಗೆ 1643ರ ಮೇನಲ್ಲಿ ಬರೆದ ಪತ್ರ ಓದಬೇಕು. ಬರೀ ಯೋಚಿಸುವ ದ್ರವ್ಯವಾದ (ಅಂದರೆ ತಾನೇ ತಾನಾಗಿ ಇರಬಲ್ಲ ವಸ್ತುವಾದ) ಆತ್ಮ ದೇಹವನ್ನು ಚಲಿಸುವುದಾದರೂ ಹೇಗೆ ಎಂದು ನೇರವಾಗಿ ಕೇಳುತ್ತಾಳೆ.

ಕನ್ನಡದಲ್ಲಿ ಯೋಚಿಸುವವರಿಗೆ ಬೇರೆಯೇ ಗುಂಡಿಗಳಿವೆ. ರ‍್ಯಾಷನಲಿಸಂ (ಜ್ಞಾನದ ಮೂಲ ಬುದ್ಧಿ ಎನ್ನುವ ಪಂಥ) ಅನ್ನು ‘ವಿಚಾರವಾದ’ ಅಂದುಕೊಂಡರೆ ಮೂಢನಂಬಿಕೆ ವಿರೋಧಿಸುವ ವಿಚಾರವಾದಿ ಕಣ್ಣಮುಂದೆ ಬರುತ್ತಾನೆ. ಡೆಕಾರ್ಟ್ ನೋಡಿದರೆ ಮೂರನೇ ಮತ್ತು ಐದನೇ ಅಧ್ಯಾಯಗಳಲ್ಲಿ ದೇವರಿದ್ದಾನೆಂದು ಸಾಧಿಸುತ್ತಾನೆ. ಲಾಕ್‌ನ ‘ಅನುಭವ’ಕ್ಕೂ ವಚನಕಾರರ ಅನುಭಾವಕ್ಕೂ ಸಂಬಂಧವಿಲ್ಲ. ಬರ್ಕ್ಲಿ ಬಂದ ತಕ್ಷಣ ಕೈ ಮಾಯೆಯ ಕಡೆಗೆ ಹೋಗುತ್ತದೆ, ಆದರೆ ಅವನು ಮೇಜು ಕುರ್ಚಿ ಸುಳ್ಳು ಅನ್ನುವವನಲ್ಲ, ಜಡದ್ರವ್ಯ ಎಂಬುದಿಲ್ಲ ಅನ್ನುವವನು. ಎಲ್ಲಕ್ಕಿಂತ ಕೆಟ್ಟದ್ದು ಡೆಕಾರ್ಟ್‌ನ ಮೂರನೇ ಅಧ್ಯಾಯದ ‘ಆಬ್ಜೆಕ್ಟಿವ್ ರಿಯಾಲಿಟಿ’. ಅದನ್ನು ‘ವಸ್ತುನಿಷ್ಠ ಸತ್ಯ’ ಎಂದು ಓದಿದರೆ ವಾದ ತಲೆಕೆಳಗಾಗುತ್ತದೆ. ಅಲ್ಲಿ ಅದರ ಅರ್ಥ, ಒಂದು ಕಲ್ಪನೆ ಯಾವುದನ್ನು ತೋರಿಸುತ್ತಿದೆಯೋ ಅದರಿಂದಾಗಿ ಆ ಕಲ್ಪನೆಗೆ ಸಲ್ಲುವ ವಾಸ್ತವತೆ. ಇಂಥ ಇಪ್ಪತ್ತು ಇಪ್ಪತ್ತೈದು ಪದಗಳಿಗೆ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪಟ್ಟಿ ಇಟ್ಟು, ಲೇಖಕ ಬದಲಾದ ಹಾಗೆ ಅರ್ಥವನ್ನೂ ಬದಲಿಸಿ ಬರೆದುಕೊಳ್ಳಬೇಕು.

ಸ್ಪಿನೋಜಾನ ‘ಎಥಿಕ್ಸ್’ (1677) ಜ್ಯಾಮಿತಿಯಂತೆ ವ್ಯಾಖ್ಯೆ, ಪ್ರಮೇಯಗಳಲ್ಲಿ ಬರೆದದ್ದು; ಮೊದಲ ಪುಟದಿಂದ ಶುರು ಮಾಡಿದವರು ಹತ್ತನೇ ಪುಟಕ್ಕೆ ಮುಚ್ಚಿಡುತ್ತಾರೆ. ಮೊದಲ ಭಾಗದ ಕೊನೆಯ ಅನುಬಂಧದಿಂದ ಓದಿ. ಅವನು ಯಾರ ಮೇಲೆ ಸಿಟ್ಟಾಗಿದ್ದಾನೆ ಅನ್ನುವುದು ಅಲ್ಲಿ ತಿಳಿಯುತ್ತದೆ. ಆಮೇಲೆ 14ನೇ ಪ್ರಮೇಯ (ದೇವರನ್ನು ಬಿಟ್ಟು ಬೇರೆ ದ್ರವ್ಯವಿಲ್ಲ) ಹಿಡಿದು ಹಿಂದಕ್ಕೆ ನಡೆಯಿರಿ: ಅದು ನಿಂತಿರುವುದು 6ನೇ ವ್ಯಾಖ್ಯೆ, 11ನೇ ಮತ್ತು 5ನೇ ಪ್ರಮೇಯಗಳ ಮೇಲೆ. ಬಾಣ ಎಳೆದು ಒಂದು ಹಾಳೆಯಲ್ಲಿ ಬರೆದರೆ, ಒಂದೇ ದ್ರವ್ಯ ಎಂಬ ಮಾತನ್ನು ಒಪ್ಪದವರು ಎಲ್ಲಿ ಕೈ ಹಾಕಬೇಕು ಅನ್ನುವುದು ಕಾಣುತ್ತದೆ. ನನ್ನ ಲೆಕ್ಕದಲ್ಲಿ ಅದು 5ನೆಯದು: ಒಂದೇ ಗುಣವಿರುವ ಎರಡು ದ್ರವ್ಯಗಳು ಇರಲಾರವು ಅನ್ನುವುದು.

ಲಾಕ್‌ನನ್ನು ಪೂರ್ತಿ ಓದುವ ಹಟ ಬೇಡ. ಅವನ ‘ಎಸ್ಸೇ’ಯ ಎರಡನೇ ಪುಸ್ತಕದ 8, 23, 27ನೇ ಅಧ್ಯಾಯಗಳು ಸಾಕು (27 ಸೇರಿದ್ದು 1694ರ ಎರಡನೇ ಆವೃತ್ತಿಯಲ್ಲಿ). ಲೈಬ್ನಿಜ್‌ನ ‘ಮೊನಡಾಲಜಿ’ ತೊಂಬತ್ತು ಪುಟ್ಟ ಸೆಕ್ಷನ್‌ಗಳು, ಆದರೆ ಅವನದೇ 1686ರ ‘ಡಿಸ್ಕೋರ್ಸ್ ಆನ್ ಮೆಟಫಿಸಿಕ್ಸ್’ ಓದದೆ ಹೋದರೆ ಅಜ್ಜಿಕಥೆಯಂತೆ ಕಾಣುತ್ತದೆ.

ಜೊನಾಥನ್ ಬೆನೆಟ್ ಸರಳ ಇಂಗ್ಲಿಷಿಗೆ ತಂದ ಪಠ್ಯಗಳು ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಓದಿಗೆ ಅವು ಬಹಳ ಒಳ್ಳೆಯವು, ಉದ್ಧರಣೆಗೆ ಮಾತ್ರ ಬೇಡ, ವಾಕ್ಯಗಳೇ ಬದಲಾಗಿವೆ. ಉದ್ಧರಿಸುವಾಗ ಕೈಲಿರುವ ಪುಸ್ತಕದ ಪುಟ ಸಂಖ್ಯೆ ಕೊಡಬಾರದು. ಡೆಕಾರ್ಟ್‌ಗೆ ವಿದ್ವಾಂಸರೆಲ್ಲ ಬಳಸುವ ಆಡಮ್–ಟ್ಯಾನರಿ ಆವೃತ್ತಿಯ ಸಂಪುಟ ಮತ್ತು ಪುಟ (ಲ್ಯಾಟಿನ್ ‘ಮೆಡಿಟೇಶನ್ಸ್’ 7ನೇ ಸಂಪುಟ), ಲಾಕ್‌ಗೆ ಪುಸ್ತಕ-ಅಧ್ಯಾಯ-ಸೆಕ್ಷನ್, ಹ್ಯೂಮ್‌ನ ‘ಟ್ರೀಟಿಸ್’ಗೆ 1.4.6ರಂತೆ (ಪುಸ್ತಕ, ಭಾಗ, ಸೆಕ್ಷನ್), ಕಾಂಟ್‌ನ ಮೊದಲ ‘ಕ್ರಿಟಿಕ್’ಗೆ 1781ರ ಆವೃತ್ತಿಯಾದರೆ ‘ಎ’, 1787ರದಾದರೆ ‘ಬಿ’, ಜೊತೆಗೆ ಆ ಆವೃತ್ತಿಯ ಪುಟ. ಒಳ್ಳೆಯ ಅನುವಾದಗಳಲ್ಲಿ ಈ ಅಂಕಿಗಳು ಅಂಚಿನಲ್ಲೇ ಅಚ್ಚಾಗಿರುತ್ತವೆ. ಕೊಳ್ಳುವ ಮುಂಚೆ ಅಂಚು ನೋಡಿಕೊಳ್ಳಿ.