ಮಿಲಿಟರಿಗೆ ಹೊರಟ ಮಗ ಹಿಂದೆ ಮುಂದೆ ನೋಡ್ತಿದ್ದರೆ ಮನೆಯವರು ಏನು ಮಾಡಬೇಕು

ನಮ್ಮ ಹುಡುಗ ಎರಡು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಓಡಿದವನು. ವಾರವೆಲ್ಲ ಕೋಲಾರದ ಕ್ರೀಡಾಂಗಣ, ಭಾನುವಾರ ಅಂತರಗಂಗೆ ಮೆಟ್ಟಿಲು. ಸೇನಾ ಭರ್ತಿಯಲ್ಲಿ 1.6 ಕಿಲೋಮೀಟರ್ ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಬೀಮ್ ಹಿಡಿದು ಹತ್ತು ಸಲ ಮೈ ಮೇಲೆಳೆದರೆ 40 ಅಂಕ ಅನ್ನೋದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಆಗಿತ್ತು. ಲಿಸ್ಟಲ್ಲಿ ಹೆಸರು ಬಂತು. ಊರ ಮುಂದೆ ಫ್ಲೆಕ್ಸ್ ಕಟ್ಟಿದರು. ಅದಾಗಿ ಹದಿನೈದು ದಿನಕ್ಕೆ ಅಲಾರಂ ಹೊಡೆದುಕೊಂಡರೂ ಅವನು ಏಳಲಿಲ್ಲ. ಶೂ ಮಂಚದ ಕೆಳಗೆ ಸೇರಿತು. ಮೂರನೇ ದಿನ ಟೊಮೆಟೊ ಕ್ರೇಟ್ ತುಂಬುತ್ತಾ ನನ್ನ ಮುಖ ನೋಡದೆ ಹೇಳಿದ, "ಅಮ್ಮ, ಹೋಗೋಕೆ ಯಾಕೋ ಮನಸ್ಸೇ ಬರ್ತಿಲ್ಲ."

ನನ್ನ ಬಾಯಿಂದ ಬಂದಿದ್ದು, "ಈಗ ಊರೋರಿಗೆ ಏನಂತ ಹೇಳೋದು?" ನಾಲ್ಕು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಆ ತಪ್ಪು ನೀವು ಮಾಡಬೇಡಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮಕ್ಕಳು ಹೀಗೆ ಹೇಳಿದ ದಿನ ನೀವು ಹೇಳಬೇಕಾದ್ದು ಒಂದೇ ಮಾತು: "ಆಯ್ತಪ್ಪ, ಹೇಳಿದ್ದು ಒಳ್ಳೇದಾಯ್ತು." ಅಷ್ಟೇ. ಹೋಗು ಅಂತಲೂ ಬೇಡ, ಬಿಡು ಅಂತಲೂ ಬೇಡ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ಹತ್ತೊಂಬತ್ತು ವರ್ಷದ ಹುಡುಗರು ಕಣ್ಣಿಗೆ ಕಣ್ಣಿಟ್ಟು ಭಯ ಹೇಳಿಕೊಳ್ಳುವುದಿಲ್ಲ. ಬೈಕಲ್ಲಿ ಹಿಂದೆ ಕೂತಾಗ, ಹಸು ಮೈ ತೊಳೆಯುವಾಗ, ರಾತ್ರಿ ತೋಟಕ್ಕೆ ನೀರು ಬಿಡೋಕೆ ಹೋದಾಗ ತಾನಾಗೇ ಬಾಯಿ ಬಿಡುತ್ತಾರೆ.

ಆಮೇಲೆ ಭಯ ಯಾವುದು ಅಂತ ಬಿಡಿಸಿ ನೋಡಿ. "ಮನಸ್ಸಿಲ್ಲ" ಅನ್ನೋ ಒಂದು ಮಾತಿನೊಳಗೆ ಹತ್ತು ಮಾತು ಇರುತ್ತದೆ. ನಮ್ಮವನಿಗೆ ಮೊದಲನೇದು, ಜೊತೆಗೆ ಓಡುತ್ತಿದ್ದ ಗೆಳೆಯ ಮೆಡಿಕಲ್‌ನಲ್ಲಿ ಫೇಲ್ ಆಗಿದ್ದ, ಇವನು ಒಬ್ಬನೇ ಹೋಗಬೇಕು. ಎರಡನೇದು ಹಿಂದಿ. ನಮ್ಮ ಕಡೆ ಹುಡುಗರಿಗೆ ಕನ್ನಡ ಬರುತ್ತೆ, ತೆಲುಗು ಬರುತ್ತೆ, ಹಿಂದಿಯಲ್ಲಿ ಬೈದರೆ ಯಾಕೆ ಬೈದರು ಅಂತಲೂ ಗೊತ್ತಾಗಲ್ಲ. ಮೂರನೇದು ಬರೋಕೆ ಎರಡು ವಾರ ಹಿಡಿಯಿತು. ನಮಗೆ ಬೋರ್‌ವೆಲ್ ಸಾಲ ಇದೆ. ಎರಡು ಸಲ ಕೊರೆಸಿದೆವು, ಎರಡೂ ಫೇಲ್. ಅವನು ಸಂಬಳದಲ್ಲಿ ಸಾಲ ತೀರಿಸಬೇಕು ಅಂತ ಮನಸ್ಸಲ್ಲೇ ಹೊತ್ತುಕೊಂಡಿದ್ದ. ನಾವು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಹೇಳಬೇಕಾಗಿಯೂ ಇರಲಿಲ್ಲ ಅಲ್ವಾ, ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

ಅವತ್ತು ಅವರಪ್ಪ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಸಾಲ ಮಾಡಿದ್ದು ನಾನು ಕಣಪ್ಪ, ತೀರಿಸೋನೂ ನಾನೇ. ನೀನು ಹೋಗೋದಾದ್ರೆ ನಿನಗೋಸ್ಕರ ಹೋಗು." ನಿಮ್ಮ ಮನೆಯಲ್ಲಿ ಸಾಲವೋ, ತಂಗಿ ಮದುವೆಯೋ, ಅಪ್ಪನ ಆಸೆಯೋ, ಅದು ಏನೇ ಇರಲಿ, ಮೊದಲು ಅವನ ತಲೆ ಮೇಲಿಂದ ಇಳಿಸಿ. ಅದು ಇಳಿಯದೆ ಅವನಿಗೇ ತನ್ನ ಮನಸ್ಸು ಗೊತ್ತಾಗಲ್ಲ.

ಇನ್ನು ಲೆಕ್ಕ. ಸುಮ್ನೆ ಮಾತಲ್ಲಿ ಬಿಡಬೇಡಿ, ಅವನ ಜೊತೆ ಕೂತು ಹಾಳೆ ಮೇಲೆ ಬರೆಯಿರಿ. 2022ರಲ್ಲಿ ಅಗ್ನಿಪಥ್ ಅನ್ನೋ ಸೇನಾ ಭರ್ತಿ ಯೋಜನೆ ಬಂದ ಮೇಲೆ ಜವಾನನಾಗಿ ಸೇರುವವರದು ಟ್ರೈನಿಂಗೂ ಸೇರಿ ನಾಲ್ಕು ವರ್ಷದ ಸೇವೆ. ಯೋಜನೆ ಘೋಷಿಸಿದಾಗ ಹೇಳಿದ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಬರೋದು 21,000. ಉಳಿದ ಪಾಲು ಸೇವಾ ನಿಧಿ ಅನ್ನೋ ಉಳಿತಾಯಕ್ಕೆ ಹೋಗುತ್ತದೆ, ಅಷ್ಟೇ ಹಣ ಸರ್ಕಾರವೂ ಹಾಕುತ್ತದೆ, ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ನಾಲ್ಕು ವರ್ಷ ಮುಗಿದ ಮೇಲೆ ಕಾಯಂ ಆಗೋದು 25 ಶೇಕಡದವರೆಗೆ ಮಾತ್ರ. ಆಚೆ ಬರುವವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಊರಲ್ಲಿರುವ ಹಳೇ ಫೌಜಿಗಳ ಹತ್ತಿರ ಖಂಡಿತ ಮಾತಾಡಿಸಿ, ಆದರೆ ಅವರು ಸೇರಿದ ಕಾಲದ ಲೆಕ್ಕ ಬೇರೆ ಅನ್ನೋದು ನೆನಪಿರಲಿ. ಈ ಯೋಜನೆಯಲ್ಲೇ ಸೇರಿ ರಜೆಗೆ ಬಂದಿರುವ ಅಗ್ನಿವೀರ ಹುಡುಗ ಯಾರಾದರೂ ಸಿಕ್ಕರೆ ಬಿಡಬೇಡಿ. ನೀವು ದೂರ ಇರಿ, ಹುಡುಗರಿಬ್ಬರೇ ಮಾತಾಡಲಿ.

ಇನ್ನೊಂದು ಮುಖ್ಯ ವಿಷಯ. ಹೋಗಬೇಕೋ ಬೇಡವೋ ಅನ್ನೋದು ಸೇರುವ ಮುಂಚೆಯೇ ತೀರ್ಮಾನ ಆಗಲಿ. ಸೇರಿದ ಮೇಲೆ "ನನಗೆ ಬೇಡ" ಅಂತ ನಡುವೆ ಬಿಟ್ಟು ಬರುವ ಹಾಗಿಲ್ಲ, ತೀರಾ ವಿಶೇಷ ಸಂದರ್ಭದಲ್ಲಿ ಮೇಲಿನವರು ಒಪ್ಪಿದರೆ ಮಾತ್ರ ಬಿಡುಗಡೆ. ಹೇಳದೆ ಕೇಳದೆ ಓಡಿ ಬಂದರೆ ಸೇನಾ ಕಾಯ್ದೆಯಲ್ಲಿ ಅದು ಅಪರಾಧ. "ಹೋಗಿ ನೋಡು, ಆಗದಿದ್ದರೆ ಬಂದುಬಿಡು" ಅಂತ ಎಷ್ಟೋ ಅಪ್ಪ ಅಮ್ಮ ಹೇಳುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಈಗ ಬಿಟ್ಟರೆ ಮುಂದಿನ ಸಲ ಅರ್ಜಿ ಹಾಕಬಹುದಾ ಅನ್ನೋದನ್ನು ಬೆಂಗಳೂರಿನ ಸೇನಾ ನೇಮಕಾತಿ ಕಚೇರಿಯಲ್ಲೇ ಕೇಳಿ. ಕೋಚಿಂಗ್ ಸೆಂಟರಿನವರ ಮಾತು ನಂಬಿಕೊಂಡು ಕೂರಬೇಡಿ.

ಊರಿನ ಮಾತನ್ನು ನೀವು ಎದುರಿಸಬೇಕು, ಅವನಲ್ಲ. "ಯಾವಾಗಮ್ಮ ಹೊರಡೋದು ನಿಮ್ಮ ಮಗ?" ಅಂತ ಡೈರಿ ಹತ್ತಿರ ದಿನಾ ಕೇಳುತ್ತಿದ್ದರು. "ಇನ್ನೂ ಯೋಚನೆ ಮಾಡ್ತಿದ್ದಾನೆ" ಅಂತ ಕ್ಯಾನ್ ಎತ್ತಿಕೊಂಡು ಬರುತ್ತಿದ್ದೆ. ಮೊದಲನೇ ದಿನ ಗಂಟಲು ಕಟ್ಟಿತು, ವಾರ ಕಳೆಯುವಷ್ಟರಲ್ಲಿ ಅಭ್ಯಾಸ ಆಯಿತು. ಫ್ಲೆಕ್ಸನ್ನು ಅವರಪ್ಪ ಒಂದು ರಾತ್ರಿ ಬಿಚ್ಚಿ ತಂದು ಮೇವಿನ ಮೇಲೆ ಹೊದಿಸಿದರು. ಬೆಳಿಗ್ಗೆ ಮಗ ಅದನ್ನು ನೋಡಿದ, ಏನೂ ಕೇಳಲಿಲ್ಲ, ಅವತ್ತು ಮಾತ್ರ ಎರಡು ಮುದ್ದೆ ಉಂಡ.

ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಬದುಕೇ ಬೇಡ ಅನ್ನೋ ಥರ ಮಾತಾಡಿದರೆ ಕಾಯಬೇಡಿ. ಒಬ್ಬನೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಮ್ಮವನು ಕೊನೆಗೆ ಹೋದ. ನನ್ನ ಓರಗಿತ್ತಿ ಮಗ ಹೋಗಲಿಲ್ಲ, ಈಗ ನರಸಾಪುರದ ಕಡೆ ಕಾರ್ಖಾನೆ ಕೆಲಸ ಮಾಡಿಕೊಂಡೇ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. ಹೋಗದೆ ಉಳಿದವನನ್ನು ಖಾಲಿ ಕೂರಿಸಬೇಡಿ. ಆದರೆ ಮಾರನೇ ದಿನವೇ ಇನ್ನೊಂದು ಅರ್ಜಿ ಕೈಗಿಡಬೇಡಿ, ಒಂದು ತಿಂಗಳು ಬಿಡಿ.

ಹೋದವನು ಟ್ರೈನಿಂಗಿನಲ್ಲಿದ್ದಾಗ ಫೋನ್ ಸಿಗೋದೇ ಅಪರೂಪ, ಸಿಕ್ಕರೂ ಸ್ವಲ್ಪ ಹೊತ್ತು. ಮೂರನೇ ವಾರ ನಮ್ಮವನು ಫೋನಲ್ಲಿ ಅತ್ತ. ನಾನು ಅಳಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಏನು ತಿಂದೆ ಅಂತ ಕೇಳಿದೆ. ಪಕ್ಕದ ಮಂಚದ ಹುಡುಗ ಯಾವ ಊರು ಅಂತ ಕೇಳಿದೆ. "ಶಿರಾ ಕಡೆಯವನಂತೆ ಅಮ್ಮ, ಅವನಿಗೂ ಹಿಂದಿ ಬರಲ್ಲ" ಅಂದ.